ತಿಮಿಂಗಿಲದ ಹೊಟ್ಟೆಯಿಂದ ಮನೆಯ ಹೊಸ್ತಿಲಿಗೆ

ಕಾಗದದ ಮೇಲೆ ಎಳೆದ ಗೆರೆಗೆ ಪ್ರಾಣವಿಲ್ಲ. ಅದರೊಳಗೆ ತುಂಬಿದ ಬಣ್ಣಕ್ಕೆ ನೋವಿನ ಅರಿವಿಲ್ಲ. ಚಿತ್ರದ ಜಿಂಕೆಗೆ ತಾಯಿಯೂ ಇಲ್ಲ, ಚಿತ್ರದ ಮೀನಿಗೆ ಮಗನೂ ಇಲ್ಲ. ಇದು ನಮಗೆಲ್ಲರಿಗೂ ಗೊತ್ತು. ತೆರೆಯ ಮುಂದೆ ಕುಳಿತ ಮಗುವಿಗೂ ಬಹುಮಟ್ಟಿಗೆ ಗೊತ್ತು. ಆದರೂ ಆ ಜಿಂಕೆಮರಿ ಸುರಿಯುವ ಹಿಮದಲ್ಲಿ ತಾಯಿಯನ್ನು ಕೂಗುತ್ತಾ ಅಲೆಯುವಾಗ ಮಗುವಿನ ಗಂಟಲು ಕಟ್ಟುತ್ತದೆ, ಪಕ್ಕದಲ್ಲಿ ಕುಳಿತ ತಂದೆಯ ಕಣ್ಣು ತೇವವಾಗುತ್ತದೆ. ಆ ಜಿಂಕೆಮರಿ ಮೊದಲ ಬಾರಿಗೆ ತೆರೆಯ ಮೇಲೆ ನಡೆದು ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಸಂದಿದೆ. ಅದನ್ನು ಬರೆದ ಕೈಗಳು ಮಣ್ಣು ಸೇರಿವೆ. ಅದರೊಡನೆ ತೆರೆಕಂಡ ಎಷ್ಟೋ ದೊಡ್ಡ ಚಿತ್ರಗಳನ್ನು ಲೋಕ ಮರೆತಿದೆ. ಜಿಂಕೆಮರಿ ಮಾತ್ರ ಉಳಿದಿದೆ.

ಏಕೆ ಹೀಗೆ? ಮಕ್ಕಳಿಗಾಗಿ ಮಾಡಿದ ಸಾಹಸದ ಅನಿಮೇಷನ್ ಚಿತ್ರಗಳು ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಏಕೆ ದಾಟಿ ಬರುತ್ತವೆ? ನಗು, ಹಾಡು, ಬಣ್ಣ ಇವೇ ಕಾರಣವೆಂದು ನಾವು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ಈ ಚಿತ್ರಗಳ ಚರಿತ್ರೆಯನ್ನು ನಿಧಾನವಾಗಿ ಓದಿದರೆ ಉತ್ತರ ಬೇರೆಯೇ ಇದೆ ಎನಿಸುತ್ತದೆ. ದೊಡ್ಡವರು ಮಕ್ಕಳಿಂದ ಮುಚ್ಚಿಡಲು ಬಯಸುವ ಒಂದು ಸಂಗತಿಯನ್ನು, ಅಂದರೆ ಅಗಲಿಕೆಯನ್ನು, ಈ ಚಿತ್ರಗಳು ಮುಚ್ಚಿಡಲಿಲ್ಲ. ಅಗಲಿಕೆಯನ್ನು ತೋರಿಸಿ, ಅದನ್ನು ದಾಟುವ ದಾರಿಯಲ್ಲಿ ಮಗುವಿನ ಕೈಹಿಡಿದು ನಡೆಸಿದವು. ಆ ದಾರಿಯನ್ನೇ ನಾವು ಸಾಹಸವೆಂದು ಕರೆಯುತ್ತೇವೆ.

ನೆರಳಿನಿಂದ ಬಣ್ಣಕ್ಕೆ

ಇಂದು ನಮಗೆ ಉಳಿದು ಬಂದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅತ್ಯಂತ ಹಳೆಯದು ಜರ್ಮನಿಯಲ್ಲಿ 1926ರಲ್ಲಿ ತೆರೆಕಂಡ 'ರಾಜಕುಮಾರ ಅಹ್ಮದನ ಸಾಹಸಗಳು'. ಅದನ್ನು ರೂಪಿಸಿದವರು ಲೊಟ್ಟೆ ರೈನಿಗರ್ ಎಂಬ ಯುವತಿ. ಕಪ್ಪು ಕಾಗದದಿಂದ ಗೊಂಬೆಗಳನ್ನು ಕತ್ತರಿಸಿ, ಕೈಕಾಲುಗಳಿಗೆ ಕೀಲು ಕಟ್ಟಿ, ಬೆಳಕಿನ ಗಾಜಿನ ಮೇಲಿಟ್ಟು, ಕೂದಲೆಳೆಯಷ್ಟು ಸರಿಸಿ ಒಂದೊಂದೇ ಚಿತ್ರವನ್ನು ತೆಗೆಯುತ್ತಾ ಅವರು ಮೂರು ವರ್ಷ ದುಡಿದರು. ನಮ್ಮ ನಾಡಿನ ತೊಗಲು ಗೊಂಬೆಯಾಟವನ್ನು ನೋಡಿದವರಿಗೆ ಈ ಕಲೆಯ ಮರ್ಮ ಬೇಗ ಅರ್ಥವಾದೀತು. ಗೊಂಬೆ ಚರ್ಮದ್ದಾಗಲಿ ಕಾಗದದ್ದಾಗಲಿ, ತೆರೆಯ ಮೇಲೆ ನೆರಳು ಅಲುಗಿದೊಡನೆ ನೋಡುವವರ ಮನಸ್ಸೇ ಅದಕ್ಕೆ ಉಸಿರು ಕೊಡುತ್ತದೆ. ಅರೇಬಿಯನ್ ಇರುಳುಗಳ ಕಥೆಗಳಿಂದ ಆಯ್ದುಕೊಂಡ ಆ ಚಿತ್ರದಲ್ಲಿ ರಾಜಕುಮಾರ ಮಾಯಾಕುದುರೆಯೇರಿ ಮನೆಯಿಂದ ಬಲುದೂರ ಹೋಗಿಬಿಡುತ್ತಾನೆ. ಮನೆಗೆ ಮರಳುವುದೇ ಅವನ ಸಾಹಸ.

ಅಮೆರಿಕದಲ್ಲಿ ಆಗ ಕಾರ್ಟೂನ್ ಎಂದರೆ ಮುಖ್ಯ ಚಿತ್ರಕ್ಕೆ ಮುನ್ನ ತೋರಿಸುವ ಏಳೆಂಟು ನಿಮಿಷದ ತಮಾಷೆ. ವಾಲ್ಟ್ ಡಿಸ್ನಿ 'ಸ್ನೋ ವೈಟ್ ಮತ್ತು ಏಳು ಕುಳ್ಳರು' ಕಥೆಯನ್ನು ಪೂರ್ಣಪ್ರಮಾಣದ ಚಿತ್ರ ಮಾಡಲು ಹೊರಟಾಗ ಚಿತ್ರೋದ್ಯಮದವರು ಅದನ್ನು 'ಡಿಸ್ನಿಯ ಹುಚ್ಚು' ಎಂದು ಕರೆದರು. ಹೆಂಡತಿಯೂ ಅಣ್ಣನೂ ಬೇಡವೆಂದರು. ಅವರು ಮನೆಯನ್ನು ಅಡವಿಟ್ಟರು, ಬ್ಯಾಂಕಿನಿಂದ ಸಾಲ ತಂದರು. ಖರ್ಚು ಸುಮಾರು 15 ಲಕ್ಷ ಡಾಲರಿಗೆ ಏರಿತು. ಚಿತ್ರದ ಅವಧಿ 83 ನಿಮಿಷ. ಒಂದು ಸೆಕೆಂಡಿಗೆ 24 ಚೌಕಟ್ಟುಗಳಂತೆ ಲೆಕ್ಕಹಾಕಿದರೆ 1,19,000ಕ್ಕೂ ಹೆಚ್ಚು ಚೌಕಟ್ಟುಗಳು. ಕಲಾವಿದರು ಪೆನ್ಸಿಲಿನಲ್ಲಿ ಬರೆದುದನ್ನು ಪಾರದರ್ಶಕ ಹಾಳೆಗಳಿಗೆ ಇಳಿಸಿ ಬಣ್ಣ ತುಂಬಿದವರು ಬಹುತೇಕ ಹೆಣ್ಣುಮಕ್ಕಳು. ಅವರಲ್ಲಿ ಹೆಚ್ಚಿನವರ ಹೆಸರು ತೆರೆಯ ಮೇಲೆ ಬರಲೇ ಇಲ್ಲ.

1937ರ ಡಿಸೆಂಬರ್ 21ರಂದು ಲಾಸ್ ಏಂಜಲಿಸ್ ನಗರದಲ್ಲಿ ಚಿತ್ರದ ಮೊದಲ ಪ್ರದರ್ಶನವಾಯಿತು. ಸಭಾಂಗಣದಲ್ಲಿ ಹೆಸರಾಂತ ನಟನಟಿಯರೇ ತುಂಬಿದ್ದರು. ಕಲಾವಿದರಿಗೆ ಒಂದೇ ಅಂಜಿಕೆ: ಕಾರ್ಟೂನಿನಿಂದ ಜನರನ್ನು ನಗಿಸಬಹುದು, ಆದರೆ ಅಳಿಸಬಹುದೇ? ಸ್ನೋ ವೈಟಳ ನಿಶ್ಚಲ ದೇಹದ ಸುತ್ತ ಕುಳ್ಳರು ಮಂಡಿಯೂರಿ ಕುಳಿತ ದೃಶ್ಯ ಬಂದಿತು. ಫ್ರಾಂಕ್ ಥಾಮಸ್ ಎಂಬ ಕಲಾವಿದರು ಬರೆದ ಆ ದೃಶ್ಯದಲ್ಲಿ ಚಲನೆ ಅತ್ಯಲ್ಪ. ಬಾಗಿದ ತಲೆಗಳು, ಕೆನ್ನೆಯ ಮೇಲೆ ಇಳಿಯುವ ಹನಿಗಳು, ಅಷ್ಟೇ. ಅಲ್ಲಿದ್ದವರು ಮುಂದೆ ನೆನಪಿಸಿಕೊಂಡಂತೆ, ಆ ಗಣ್ಯ ಪ್ರೇಕ್ಷಕರು ಬಹಿರಂಗವಾಗಿ ಕಣ್ಣೀರು ಒರೆಸಿಕೊಂಡರು. ಗೆರೆಗಳು ಅತ್ತವು, ಮನುಷ್ಯರು ಅವುಗಳ ಜೊತೆ ಅತ್ತರು. ಅನಿಮೇಷನ್ ಕಲೆಯ ಚರಿತ್ರೆ ಆ ಸಂಜೆ ಒಂದು ಹೊಸ್ತಿಲನ್ನು ದಾಟಿತು.

ಇದೇ ಚಿತ್ರ ಬ್ರಿಟನ್ನಿಗೆ ಹೋದಾಗ ಅಲ್ಲಿಯ ಸೆನ್ಸಾರ್ ಮಂಡಳಿ ಅದಕ್ಕೆ 'ಎ' ದರ್ಜೆಯ ಪ್ರಮಾಣಪತ್ರ ನೀಡಿತು. ಅಂದಿನ ನಿಯಮದಂತೆ ಅದರ ಅರ್ಥ, ಮಕ್ಕಳು ದೊಡ್ಡವರ ಜೊತೆಯಲ್ಲಿ ಮಾತ್ರ ಈ ಚಿತ್ರವನ್ನು ನೋಡಬಹುದು. ಮಾಟಗಾತಿಯೂ ಕತ್ತಲ ಕಾಡೂ ಮಕ್ಕಳನ್ನು ಬೆದರಿಸುತ್ತವೆ ಎಂಬುದು ಕಾರಣ. ಹಲವು ಪತ್ರಿಕೆಗಳು ನಕ್ಕವು. ಅನೇಕ ಊರುಗಳ ಆಡಳಿತಗಳು ಆ ನಿರ್ಬಂಧವನ್ನು ಕೈಬಿಟ್ಟವು. ಆದರೆ, ಪ್ರಿಯ ಓದುಗರೇ, ಆ ನಿಯಮದ ಒಳಗಿದ್ದ ವಿವೇಕವನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳೋಣ. 'ಮಗು ಇದನ್ನು ನೋಡಕೂಡದು' ಎಂದು ಅದು ಹೇಳಲಿಲ್ಲ. 'ಮಗು ಇದನ್ನು ಒಂಟಿಯಾಗಿ ನೋಡಕೂಡದು' ಎಂದಿತು. ಇದಕ್ಕೆ ಒಂದೂವರೆ ವರ್ಷ ಮುಂಚೆ, 1936ರ ಜೂನ್ 29ರಂದು, ಪೋಪ್ ಹನ್ನೊಂದನೆಯ ಪಿಯುಸರು ಚಲನಚಿತ್ರಗಳನ್ನೇ ಕುರಿತು ಒಂದು ವಿಶ್ವಪತ್ರವನ್ನು ಹೊರಡಿಸಿದ್ದರು. ಕತ್ತಲ ಸಭಾಂಗಣದಲ್ಲಿ ಕುಳಿತ ಎಳೆಯ ಮನಸ್ಸಿನ ಮೇಲೆ ಚಿತ್ರಗಳು ಎಂಥ ಪ್ರಭಾವ ಬೀರಬಲ್ಲವೆಂದು ಅವರು ಎಚ್ಚರಿಸಿದ್ದರು. ಒಳ್ಳೆಯ ಚಿತ್ರಗಳಿಂದ ದೊಡ್ಡ ಒಳಿತಾಗುವುದೆಂದೂ ಒಪ್ಪಿದ್ದರು.

ಕಥೆಯನ್ನು ಬದುಕಿಸಿದ ಮಕ್ಕಳು

1940ರಲ್ಲಿ ಬಂದ 'ಪಿನೋಕಿಯೋ' ಚಿತ್ರದ ಹಿಂದೆ ಇಟಲಿಯ ಒಂದು ಸ್ವಾರಸ್ಯಕರ ಪ್ರಸಂಗವಿದೆ. ಮೂಲ ಲೇಖಕ ಕಾರ್ಲೊ ಲೊರೆಂಜಿನಿ, ಕೊಲ್ಲೋಡಿ ಎಂಬ ಕಾವ್ಯನಾಮದಿಂದ ಪ್ರಸಿದ್ಧರು. ಅವರು 1881ರಲ್ಲಿ ಮಕ್ಕಳ ಪತ್ರಿಕೆಯೊಂದಕ್ಕೆ ಮರದ ಗೊಂಬೆಯ ಕಥೆಯನ್ನು ಕಂತುಕಂತಾಗಿ ಬರೆಯತೊಡಗಿದರು. ಅವಿಧೇಯ ಗೊಂಬೆಯನ್ನು ಕಳ್ಳರು ಮರಕ್ಕೆ ನೇತುಹಾಕುವಲ್ಲಿಗೆ ಕಥೆಯನ್ನು ಮುಗಿಸಿಬಿಟ್ಟರು. ಓದುತ್ತಿದ್ದ ಮಕ್ಕಳು ಒಪ್ಪಲಿಲ್ಲ. ಪತ್ರಿಕೆಯವರ ಒತ್ತಾಯಕ್ಕೆ ಮಣಿದು ಲೇಖಕರು ಗೊಂಬೆಯನ್ನು ಬದುಕಿಸಿ 1882ರಲ್ಲಿ ಕಥೆಯನ್ನು ಮುಂದುವರಿಸಿದರು. 1883ರಲ್ಲಿ ಅದು ಪುಸ್ತಕವಾಯಿತು.

ಈ ಸಣ್ಣ ಘಟನೆಯಲ್ಲಿ ಮಕ್ಕಳ ಮನಸ್ಸಿನ ದೊಡ್ಡ ಪಾಠವಿದೆ. ಗೊಂಬೆಗೆ ಕಷ್ಟ ಬಂದುದಕ್ಕೆ ಮಕ್ಕಳು ಮುನಿಸಿಕೊಳ್ಳಲಿಲ್ಲ. ಸುಳ್ಳು ಹೇಳಿದ್ದಕ್ಕೆ, ಶಾಲೆಗೆ ಹೋಗದ್ದಕ್ಕೆ ಶಿಕ್ಷೆಯಾದುದನ್ನು ಅವರು ಸಹಿಸಿಕೊಂಡರು. ಮರಳುವ ದಾರಿಯೇ ಇಲ್ಲದಂತೆ ಕಥೆ ನಿಂತುಹೋದುದನ್ನು ಮಾತ್ರ ಸಹಿಸಲಿಲ್ಲ. ಮಗು ದುಃಖವನ್ನು ಬೇಡವೆನ್ನುವುದಿಲ್ಲ. ದುಃಖದಲ್ಲಿ ಕಥೆ ಕೊನೆಗೊಳ್ಳುವುದನ್ನು ಬೇಡವೆನ್ನುತ್ತದೆ.

ಮುಂದುವರಿದ ಕಥೆಯಲ್ಲಿ ಮಗನನ್ನು ಹುಡುಕುತ್ತಾ ಕಡಲಿಗಿಳಿದ ಬಡಗಿ ಜೆಪೆಟ್ಟೋ ಭಾರೀ ಜಲಚರವೊಂದರ ಹೊಟ್ಟೆಯಲ್ಲಿ ಸಿಕ್ಕಿಬೀಳುತ್ತಾನೆ. ಕೊಲ್ಲೋಡಿಯ ಕಥೆಯಲ್ಲಿ ಅದು ದೈತ್ಯ ಶಾರ್ಕ್, ಚಿತ್ರದಲ್ಲಿ ತಿಮಿಂಗಿಲವಾಯಿತು. ತಪ್ಪಿಸಿಕೊಂಡು ಓಡಿದ ಮಗನೇ ಈಗ ತಂದೆಯನ್ನು ಬಿಡಿಸಲು ಆ ಕತ್ತಲೆಗೆ ಇಳಿಯುತ್ತಾನೆ. ಪ್ರವಾದಿ ಯೋನನ ಕಥೆ ಬಲ್ಲ ನಮಗೆ ಈ ಕತ್ತಲೆ ಹೊಸದಲ್ಲ. ಪವಿತ್ರ ಗ್ರಂಥ ಅದನ್ನು ಒಂದು ದೊಡ್ಡ ಮೀನು ಎಂದಷ್ಟೇ ಕರೆಯುತ್ತದೆ. ಕರೆಯಿಂದ ಓಡಿಹೋದವನು ಮೂರು ಹಗಲು ಮೂರು ಇರುಳು ಅದರ ಒಡಲಲ್ಲಿದ್ದು, ಅಲ್ಲಿಂದಲೇ ಮೊರೆಯಿಟ್ಟು, ಮತ್ತೆ ದಡ ಸೇರುತ್ತಾನೆ. ಓಟ, ಕತ್ತಲೆ, ಮರಳುವಿಕೆ: ಮಕ್ಕಳ ಸಾಹಸ ಚಿತ್ರಗಳ ಎಲುಬುಗೂಡು ಇಷ್ಟೇ. ಅದನ್ನು ಚಿತ್ರಮಂದಿರದವರು ಕಂಡುಹಿಡಿಯಲಿಲ್ಲ. ಮನುಕುಲ ಅದನ್ನು ಬಹಳ ಹಿಂದಿನಿಂದ ಹೊತ್ತು ತಂದಿದೆ.

ವ್ಯಾಪಾರದ ಲೆಕ್ಕದಲ್ಲಿ 'ಪಿನೋಕಿಯೋ' ಆಗ ನಷ್ಟವನ್ನೇ ಕಂಡಿತು. ಎರಡನೆಯ ಮಹಾಯುದ್ಧದಿಂದಾಗಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿತ್ತು. ಇಂದು ಅನಿಮೇಷನ್ ಕಲೆಯ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿದೆ. ಮೊದಲ ವಾರದ ಗಳಿಕೆಯೇ ಬೆಲೆಯಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ತಾಯಿಯಿಂದ ಅಗಲಿದವರು

1941ರ 'ಡಂಬೋ' ಸರ್ಕಸ್ಸಿನ ಆನೆಮರಿಯೊಂದರ ಕಥೆ. ಅಗಲವಾದ ಕಿವಿಗಳಿಗಾಗಿ ಎಲ್ಲರೂ ಅದನ್ನು ಹಾಸ್ಯ ಮಾಡುತ್ತಾರೆ. ಮರಿಯನ್ನು ಪೀಡಿಸಿದ ಹುಡುಗನಿಗೆ ಹೊಡೆದ ತಾಯಿಯಾನೆಯನ್ನು ಹುಚ್ಚೆಂದು ಬಂಡಿಯಲ್ಲಿ ಕೂಡಿಹಾಕುತ್ತಾರೆ. ರಾತ್ರಿ ಮರಿ ಅಲ್ಲಿಗೆ ಬಂದಾಗ ತಾಯಿಗೆ ಮುಖ ತೋರಿಸಲೂ ಆಗದು. ಕಾಲಿಗೆ ಸರಪಳಿ. ಕಂಬಿಗಳ ನಡುವೆ ಸೊಂಡಿಲನ್ನಷ್ಟೇ ಹೊರಚಾಚಿ, ಮರಿಯನ್ನು ಅದರಲ್ಲಿ ಕೂರಿಸಿಕೊಂಡು ತೂಗುತ್ತಾಳೆ. ಆ ಮರಿಯನ್ನು ಬರೆದ ಬಿಲ್ ಟೈಟ್ಲಾ ಎಂಬ ಕಲಾವಿದರು, ತಮ್ಮ ಎರಡು ವರ್ಷದ ಮಗನ ಮುಖಭಾವಗಳನ್ನು ನೋಡಿಕೊಂಡೇ ಅದನ್ನು ಬರೆದುದಾಗಿ ಹೇಳಿದ್ದಾರೆ. ಆಸ್ಪತ್ರೆಯ ಕಿಟಕಿಯಾಚೆ ಅಮ್ಮನನ್ನು ಕಂಡ ಮಗುವಿಗಾಗಲಿ, ಹೊಟ್ಟೆಪಾಡಿಗಾಗಿ ದೂರದೇಶಕ್ಕೆ ಹೋದ ತಾಯಿಯ ದನಿಯನ್ನು ಫೋನಿನಲ್ಲಷ್ಟೇ ಕೇಳುವ ಮಗುವಿಗಾಗಲಿ ಆ ದೃಶ್ಯವನ್ನು ಯಾರೂ ವಿವರಿಸಬೇಕಾಗಿಲ್ಲ.

ಮರುವರ್ಷ, 1942ರಲ್ಲಿ, 'ಬಾಂಬಿ' ಬಂದಿತು. ಬೇಟೆಗಾರನನ್ನು ಚಿತ್ರ ಎಲ್ಲಿಯೂ ತೋರಿಸುವುದಿಲ್ಲ. ತಾಯಿ ಬೀಳುವುದನ್ನೂ ತೋರಿಸುವುದಿಲ್ಲ. ಓಡು ಎಂಬ ತಾಯಿಯ ದನಿ, ಒಂದು ಗುಂಡಿನ ಸದ್ದು, ಆಮೇಲೆ ಸುರಿಯುವ ಹಿಮ. ಮರಿ ಕೂಗುತ್ತಾ ಅಲೆಯುತ್ತದೆ, ಉತ್ತರವಿಲ್ಲ. ಸ್ನೋ ವೈಟ್ ಎಚ್ಚತ್ತಳು, ಪಿನೋಕಿಯೋ ಮತ್ತೆ ಕಣ್ತೆರೆದ. ಬಾಂಬಿಯ ತಾಯಿ ಮರಳಿ ಬರುವುದೇ ಇಲ್ಲ. ತಂದೆ ಬಂದು ನಿಜವನ್ನು ಕೆಲವೇ ಮಾತುಗಳಲ್ಲಿ ಹೇಳಿ, ಮರಿಯನ್ನು ತನ್ನೊಡನೆ ಕರೆದೊಯ್ಯುತ್ತಾನೆ. ಸುಳ್ಳು ಸಮಾಧಾನವಿಲ್ಲ, ಜೊತೆಯಿದೆ. ಈ ಚಿತ್ರ ಇಷ್ಟುಕಾಲ ಉಳಿದಿರುವುದು ಈ ಪ್ರಾಮಾಣಿಕತೆಯಿಂದ ಎಂದು ನನ್ನ ನಂಬಿಕೆ.

ಈ ಚಿತ್ರದ ಹಿಂದಿದ್ದ ಇಬ್ಬರ ಬದುಕನ್ನು ನಾವು ತಿಳಿಯಬೇಕು. ಮೂಲ ಕಾದಂಬರಿಯ ಕರ್ತೃ ಫೆಲಿಕ್ಸ್ ಸಾಲ್ಟನ್ ವಿಯೆನ್ನಾದಲ್ಲಿ ನೆಲೆಸಿದ್ದ ಯೆಹೂದ್ಯ ಲೇಖಕರು. ಪುಸ್ತಕ 1923ರಲ್ಲಿ ಪ್ರಕಟವಾಯಿತು. ನಾತ್ಸಿ ಆಡಳಿತ 1936ರಲ್ಲಿ ಜರ್ಮನಿಯಲ್ಲಿ ಅದನ್ನು ನಿಷೇಧಿಸಿತು. ಬೇಟೆಗೆ ಸಿಕ್ಕ ಜೀವಿಗಳ ಕಥೆ ಬರೆದವರು ತಾವೇ ಬೇಟೆಯ ಮಿಗದಂತೆ ಊರು ಬಿಟ್ಟು ಸ್ವಿಟ್ಜರ್ಲೆಂಡ್ ಸೇರಿ, 1945ರಲ್ಲಿ ಅಲ್ಲಿಯೇ ತೀರಿಕೊಂಡರು.

ಎರಡನೆಯವರು ಟೈರಸ್ ವಾಂಗ್ ಎಂಬ ಚಿತ್ರಕಾರರು. ಬಾಂಬಿಯ ಕಾಡಿಗೆ ಆ ಮಂಜು, ಆ ಮೌನ ಬಂದುದು ಅವರ ಕುಂಚದಿಂದ. ಚೀನಾದಲ್ಲಿ 1910ರಲ್ಲಿ ಹುಟ್ಟಿದ ಅವರು, ಸುಮಾರು ಒಂಬತ್ತು ವರ್ಷದವರಿದ್ದಾಗ ತಂದೆಯೊಡನೆ ಹಡಗೇರಿ ಅಮೆರಿಕಕ್ಕೆ ಹೊರಟರು. ತಾಯಿಯೂ ಅಕ್ಕತಂಗಿಯ ಬಂಧವೂ ಊರಿನಲ್ಲೇ ಉಳಿದವು. ತಾಯಿಯನ್ನು ಅವರು ಮತ್ತೆಂದೂ ಕಾಣಲಿಲ್ಲ. ಅಮೆರಿಕದ ದಡ ಮುಟ್ಟಿದಾಗ ವಲಸೆ ಅಧಿಕಾರಿಗಳು ಏಂಜಲ್ ದ್ವೀಪದಲ್ಲಿ ಬಾಲಕನನ್ನು ತಂದೆಯಿಂದಲೂ ಬೇರ್ಪಡಿಸಿ ಕೆಲಕಾಲ ಒಂಟಿಯಾಗಿ ಇರಿಸಿದರು. ಆ ಬಾಲಕನೇ ಮುಂದೆ ತಾಯಿಯನ್ನು ಕಳೆದುಕೊಂಡ ಜಿಂಕೆಮರಿ ಅಲೆಯುವ ಕಾಡನ್ನು ಚಿತ್ರಿಸಿದ. 1941ರಲ್ಲಿ ಡಿಸ್ನಿ ಸ್ಟುಡಿಯೋದಲ್ಲಿ ಕಲಾವಿದರ ದೊಡ್ಡ ಮುಷ್ಕರವಾಯಿತು. ಅದರ ತರುವಾಯ ವಾಂಗ್ ಕೆಲಸ ಕಳೆದುಕೊಂಡರು. ಚಿತ್ರ ತೆರೆಕಂಡಾಗ ಅವರ ಹೆಸರು ಹಿನ್ನೆಲೆ ಚಿತ್ರಕಾರರ ಪಟ್ಟಿಯಲ್ಲಿ ಒಂದಾಗಿತ್ತು, ಅಷ್ಟೇ. ಅವರ ಕೊಡುಗೆಯನ್ನು ಲೋಕ ಗುರುತಿಸಿ ಗೌರವಿಸುವ ಹೊತ್ತಿಗೆ ಅವರು ತುಂಬಾ ವಯಸ್ಸಾದವರು. 2016ರಲ್ಲಿ, 106ನೆಯ ವಯಸ್ಸಿನಲ್ಲಿ, ಅವರು ಇಹಲೋಕ ತ್ಯಜಿಸಿದರು.

ಗೆರೆಗೆ ಪ್ರಾಣವಿಲ್ಲ ಎಂದು ಆರಂಭದಲ್ಲಿ ಹೇಳಿದೆ. ಗೆರೆ ಎಳೆದವರ ಪ್ರಾಣ ಅದರಲ್ಲಿ ಎಷ್ಟು ಬೆರೆತಿದೆಯೆಂದು ಈಗ ತಿಳಿಯುತ್ತದೆ.

ಆಲದ ಜಿಂಕೆ

ಬಾಂಬಿಯ ಕಾಡಿನಿಂದ ಒಂದು ಕಾಲುದಾರಿ ನಮ್ಮ ದೇಶಕ್ಕೂ ಬಂದಿದೆ. 1956ರಲ್ಲಿ ಡಿಸ್ನಿ ಸ್ಟುಡಿಯೋದಲ್ಲಿ ದುಡಿದಿದ್ದ, 'ಬಾಂಬಿ' ಚಿತ್ರದಲ್ಲೂ ಕೈಯಾಡಿಸಿದ್ದ ಕ್ಲೇರ್ ವೀಕ್ಸ್ ಎಂಬ ಕಲಾವಿದರು ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿಗೆ ಬಂದು ಭಾರತೀಯ ಯುವಕರಿಗೆ ಅನಿಮೇಷನ್ ಕಲೆಯಲ್ಲಿ ತರಬೇತಿ ನೀಡಿದರು. ಆ ತರಬೇತಿಯಿಂದ 1957ರಲ್ಲಿ ಮೂಡಿಬಂದ ಕಿರುಚಿತ್ರ 'ಆಲದ ಜಿಂಕೆ'. ಅದಕ್ಕೆ ಆಧಾರ ಬೌದ್ಧ ಜಾತಕ ಕಥೆ. ರಾಜನ ಬೇಟೆಗೆ ದಿನಕ್ಕೊಂದು ಜಿಂಕೆ ಸರದಿಯಂತೆ ಹೋಗಬೇಕೆಂದು ಒಪ್ಪಂದವಾಗಿರುತ್ತದೆ. ಒಂದು ದಿನ ಗರ್ಭಿಣಿ ಜಿಂಕೆಯ ಸರದಿ ಬರುತ್ತದೆ. ಆಗ ಜಿಂಕೆಗಳ ನಾಯಕನೇ ಅವಳ ಬದಲಿಗೆ ಹೋಗಿ ತಲೆಯೊಡ್ಡುತ್ತಾನೆ. ಅದನ್ನು ಕಂಡ ರಾಜನ ಮನಸ್ಸು ಕರಗುತ್ತದೆ.

ಎರಡು ಜಿಂಕೆಗಳ ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿರಿ. ಒಂದರಲ್ಲಿ ತಾಯಿ ಬೇಟೆಗೆ ಬಲಿಯಾಗುತ್ತಾಳೆ. ಇನ್ನೊಂದರಲ್ಲಿ ತಾಯಾಗಲಿರುವವಳಿಗಾಗಿ ಒಬ್ಬ ತಾನೇ ಬೇಟೆಯ ಮುಂದೆ ನಿಲ್ಲುತ್ತಾನೆ. ಮತ್ತೊಬ್ಬರಿಗಾಗಿ ಪ್ರಾಣ ತೆರುವ ಪ್ರೀತಿಗಿಂತ ದೊಡ್ಡ ಪ್ರೀತಿಯಿಲ್ಲವೆಂದು ಕೇಳುತ್ತಾ ಬೆಳೆದ ನಮಗೆ ಆ ಕಥೆ ಪರಕೀಯವಲ್ಲ. ಧರ್ಮಗಳು ಬೇರೆಯಾದರೂ ಮಕ್ಕಳಿಗೆ ಹೇಳುವ ಕಥೆಗಳಲ್ಲಿ ನಾವು ಎಷ್ಟು ಸಮೀಪದವರು!

ಆ ತರಬೇತಿಯ ತಂಡದಲ್ಲಿದ್ದ ರಾಮ್ ಮೋಹನ್ ಭಾರತೀಯ ಅನಿಮೇಷನ್ನಿನ ಹಿರಿಯರಾಗಿ ಬೆಳೆದರು. ಜಪಾನಿನ ಯೂಗೊ ಸಾಕೊ ಅವರೊಡನೆ ಸೇರಿ ರಾಮಾಯಣವನ್ನು ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವಾಗಿಸಿದರು. 1993ರ ಜನವರಿಯಲ್ಲಿ ದೆಹಲಿಯ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡ ಅದು ಆಗ ಚಿತ್ರಮಂದಿರಗಳಲ್ಲಿ ಹೆಚ್ಚು ಓಡಲಿಲ್ಲ. ಮುಂದೆ ದೂರದರ್ಶನ ಪೆಟ್ಟಿಗೆಯ ಮೂಲಕ ಒಂದು ತಲೆಮಾರಿನ ಮಕ್ಕಳ ಮನಸ್ಸಿನಲ್ಲಿ ಉಳಿಯಿತು. 2025ರ ಜನವರಿ 24ರಂದು ಅದು ಮತ್ತೆ ಚಿತ್ರಮಂದಿರಗಳಿಗೆ ಬಂದಾಗ, ಹಿಂದೆ ಮನೆಯ ನೆಲದ ಮೇಲೆ ಕುಳಿತು ಅದನ್ನು ನೋಡಿದ್ದ ಮಕ್ಕಳು ತಾಯಿತಂದೆಯರಾಗಿದ್ದರು.

ಯುದ್ಧ ಕಂಡ ಕಣ್ಣುಗಳು

ಆ ರಾಮಾಯಣ ಚಿತ್ರಕ್ಕೆ ಕೈಜೋಡಿಸಿದ ಜಪಾನಿನಲ್ಲಿ ಈ ಕಲೆಗೆ ತನ್ನದೇ ಆದ ನೋವಿನ ಬೇರಿದೆ. 1988ರ ಏಪ್ರಿಲ್ 16ರಂದು ಅಲ್ಲಿ ಎರಡು ಚಿತ್ರಗಳು ಒಂದೇ ಪ್ರದರ್ಶನದಲ್ಲಿ ಜೊತೆಯಾಗಿ ತೆರೆಕಂಡವು. ಒಂದು ಇಸಾವೊ ತಕಹಾತರ 'ಮಿಂಚುಹುಳಗಳ ಸಮಾಧಿ', ಯುದ್ಧದಲ್ಲಿ ಅನಾಥರಾದ ಅಣ್ಣತಂಗಿಯರ ಕಥೆ. ತಕಹಾತ ಸ್ವತಃ ಬಾಲಕನಾಗಿದ್ದಾಗ, 1945ರ ಜೂನ್ ತಿಂಗಳಲ್ಲಿ, ಒಕಾಯಾಮಾ ನಗರದ ಮೇಲಾದ ಬಾಂಬ್ ದಾಳಿಯಲ್ಲಿ ಉಳಿದುಬಂದವರು. ಇನ್ನೊಂದು ಹಯಾವೊ ಮಿಯಾಜಾಕಿಯವರ 'ನನ್ನ ನೆರೆಯ ತೊತೊರೊ'.

'ತೊತೊರೊ' ಚಿತ್ರದಲ್ಲಿ ತಾಯಿ ಆಸ್ಪತ್ರೆಯಲ್ಲಿದ್ದಾಳೆ. ತಂದೆ ಇಬ್ಬರು ಹೆಣ್ಣುಮಕ್ಕಳೊಡನೆ ಆಸ್ಪತ್ರೆಗೆ ಹತ್ತಿರದ ಹಳ್ಳಿಗೆ ಬರುತ್ತಾನೆ. ಕಾಡಿನಲ್ಲಿ ಮಕ್ಕಳಿಗೆ ತೊತೊರೊ ಎಂಬ ವಿಚಿತ್ರ ಸ್ನೇಹಿತ ಸಿಗುತ್ತಾನೆ. ಅಮ್ಮ ಮನೆಗೆ ಬರುವುದು ತಡವಾಗುತ್ತದೆಂದು ತಿಳಿದ ದಿನ, ಪುಟ್ಟ ತಂಗಿ ಒಂದು ಜೋಳದ ತೆನೆಯನ್ನು ಎದೆಗವಚಿಕೊಂಡು ಅಮ್ಮನಿಗೆ ಕೊಡಲೆಂದು ಒಬ್ಬಳೇ ಹೊರಟು ದಾರಿ ತಪ್ಪುತ್ತಾಳೆ. ಅಕ್ಕ ಹುಡುಕುತ್ತಾ ಊರೆಲ್ಲ ಓಡುತ್ತಾಳೆ. ಇಲ್ಲಿ ದುಷ್ಟರಿಲ್ಲ, ಕತ್ತಿಯಿಲ್ಲ, ಕಾಳಗವಿಲ್ಲ. ಸಾಹಸವೆಲ್ಲ ಆ ತೆನೆಯಲ್ಲಿದೆ. 1941ರಲ್ಲಿ ಹುಟ್ಟಿದ ಮಿಯಾಜಾಕಿಯವರ ತಾಯಿ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಅಮ್ಮ ಯಾವಾಗ ಎದ್ದು ಓಡಾಡುವಳು ಎಂದು ಕಾಯುವ ಮನೆಯ ಮೌನ ಅವರಿಗೆ ಪುಸ್ತಕದಿಂದ ಬಂದುದಲ್ಲ.

ಅವರದೇ 2001ರ 'ಸ್ಪಿರಿಟೆಡ್ ಅವೇ' ಚಿತ್ರದಲ್ಲಿ ಹತ್ತು ವರ್ಷದ ಚಿಹಿರೊಳ ತಂದೆತಾಯಿ ಹೊಟ್ಟೆಬಾಕತನದಿಂದ ಹಂದಿಗಳಾಗಿಬಿಡುತ್ತಾರೆ. ಮಾಯಾಲೋಕದ ಒಡತಿ ಬಾಲಕಿಯ ಹೆಸರನ್ನೇ ಕಿತ್ತುಕೊಳ್ಳುತ್ತಾಳೆ. ನಿಜವಾದ ಹೆಸರನ್ನು ಮರೆತರೆ ಮನೆಗೆ ಮರಳುವ ದಾರಿಯೂ ಮರೆತುಹೋಗುತ್ತದೆ. ಬಾಲಕಿ ದುಡಿದು, ಅನ್ಯರಿಗೆ ಕನಿಕರ ತೋರಿ, ಹೆಸರನ್ನು ನೆನಪಿಟ್ಟುಕೊಂಡು, ದೊಡ್ಡವರನ್ನು ಬಿಡಿಸಿಕೊಂಡು ಬರುತ್ತಾಳೆ. ಈ ಚಿತ್ರಕ್ಕೆ 2003ರಲ್ಲಿ ಆಸ್ಕರ್ ಪ್ರಶಸ್ತಿ ಬಂದಿತು. ತಾಯಿತಂದೆಯರು ದುರಾಸೆಯಲ್ಲಿ ಮೈಮರೆತಾಗ ಮಕ್ಕಳೇ ಅವರನ್ನು ಮನೆಗೆ ಕರೆತರಬೇಕಾಗುತ್ತದೆ ಎಂಬುದು ನಮಗೂ ತಟ್ಟಬೇಕಾದ ಮಾತು.

ಮತ್ತೊಮ್ಮೆ ತಿಮಿಂಗಿಲ

1995ರಲ್ಲಿ 'ಟಾಯ್ ಸ್ಟೋರಿ' ಬಂದಾಗ ಕಾಗದವೂ ಕುಂಚವೂ ಬದಿಗೆ ಸರಿದವು. ಪೂರ್ಣವಾಗಿ ಕಂಪ್ಯೂಟರಿನಿಂದಲೇ ರೂಪುಗೊಂಡ ಮೊದಲ ಪೂರ್ಣಪ್ರಮಾಣದ ಚಿತ್ರವದು. ಇನ್ನು ಹಳೆಯ ಚಿತ್ರಗಳ ಆರ್ದ್ರತೆ ಹೋಯಿತೆಂದು ಅಂಜಿದವರಿದ್ದರು. ಆದರೆ ಉಪಕರಣ ಬದಲಾಯಿತು, ಕಥೆಯ ಎಲುಬುಗೂಡು ಬದಲಾಗಲಿಲ್ಲ. ತನ್ನೊಡೆಯನಾದ ಹುಡುಗನಿಗೆ ತಾನಿನ್ನು ಬೇಡವಾಗುವೆನೋ ಎಂಬ ಆಟಿಕೆಯ ಭಯ, ತಮ್ಮನೋ ತಂಗಿಯೋ ಹುಟ್ಟಿದಾಗ ಪ್ರತಿ ಮಗುವೂ ಅನುಭವಿಸುವ ಭಯವೇ ಅಲ್ಲವೇ?

2003ರ 'ಫೈಂಡಿಂಗ್ ನೀಮೊ' ಚಿತ್ರ ನಮ್ಮ ಕುಟುಂಬಗಳಿಗೆ ಇನ್ನೂ ಹತ್ತಿರವಾದುದು. ಮಾರ್ಲಿನ್ ಎಂಬ ಪುಟ್ಟ ಮೀನು ಹೆಂಡತಿಯನ್ನೂ ನೂರಾರು ಮೊಟ್ಟೆಗಳನ್ನೂ ಒಂದೇ ಕ್ಷಣದಲ್ಲಿ ಕಳೆದುಕೊಳ್ಳುತ್ತದೆ. ಉಳಿದುದು ಒಂದೇ ಮೊಟ್ಟೆ. ಅದರಿಂದ ಹೊರಬಂದ ನೀಮೊನ ಒಂದು ರೆಕ್ಕೆ ಚಿಕ್ಕದು. ತಂದೆ ಅವನನ್ನು ಕಣ್ಣರೆಪ್ಪೆಯಂತೆ ಕಾಯುತ್ತಾನೆ. ಉಸಿರು ಕಟ್ಟುವಷ್ಟು ಕಾಯುತ್ತಾನೆ. ನಿರ್ದೇಶಕ ಆಂಡ್ರೂ ಸ್ಟಾಂಟನ್ ಈ ಕಥೆ ಹುಟ್ಟಿದ ಬಗೆಯನ್ನು ಹೇಳಿದ್ದಾರೆ: ಬಿಡುವಿಲ್ಲದ ಕೆಲಸದ ನಡುವೆ ಒಂದು ದಿನ ಪುಟ್ಟ ಮಗನನ್ನು ಉದ್ಯಾನಕ್ಕೆ ಕರೆದೊಯ್ದರು. ದಾರಿಯುದ್ದಕ್ಕೂ ಅದನ್ನು ಮುಟ್ಟಬೇಡ, ಅಲ್ಲಿಗೆ ಹೋಗಬೇಡ ಎಂದು ಗದರಿಸುತ್ತಲೇ ಇದ್ದರು. ಮಗನೊಡನೆ ಕಳೆಯಬೇಕಾದ ಹೊತ್ತನ್ನು ತಮ್ಮ ಭಯವೇ ನುಂಗುತ್ತಿದೆಯೆಂದು ಅವರಿಗೆ ಆಗ ಹೊಳೆಯಿತು.

ಮಗನನ್ನು ಮನುಷ್ಯರು ಹಿಡಿದೊಯ್ದಾಗ ಆ ಅಂಜುಬುರುಕ ತಂದೆ ಸಾಗರವನ್ನೇ ದಾಟಲು ಹೊರಡುತ್ತಾನೆ. ದಾರಿಯಲ್ಲಿ ತಿಮಿಂಗಿಲವೊಂದು ಅವನನ್ನು ನುಂಗುತ್ತದೆ. ಕತ್ತಲೆಯಲ್ಲಿ ತಿಮಿಂಗಿಲದ ನಾಲಗೆಗೆ ಜೋತುಬಿದ್ದ ಅವನಿಗೆ, ಜೊತೆಗಾತಿ ಡೋರಿ ಹಿಡಿತ ಬಿಡಲು ಹೇಳುತ್ತಾಳೆ. ಕೆಟ್ಟದ್ದೇನೂ ಆಗದೆಂದು ನಿನಗೆ ಹೇಗೆ ಗೊತ್ತು ಎಂದು ಅವನು ಕೇಳುತ್ತಾನೆ. ಗೊತ್ತಿಲ್ಲ ಎಂಬುದೇ ಅವಳ ಉತ್ತರ. ಅವನು ಕೈಬಿಡುತ್ತಾನೆ. ತಿಮಿಂಗಿಲ ಅವರನ್ನು ಮಗನಿರುವ ಊರಿನ ಕಡಲತೀರಕ್ಕೇ ಚಿಮ್ಮಿಸುತ್ತದೆ. 1940ರಲ್ಲಿ ಮಗ ತಂದೆಗಾಗಿ ತಿಮಿಂಗಿಲದ ಹೊಟ್ಟೆಗೆ ಇಳಿದಿದ್ದ. 2003ರಲ್ಲಿ ತಂದೆ ಮಗನಿಗಾಗಿ ಇಳಿದ. ನಂಬಿಕೆ ಎಂಬ ಮಾತನ್ನು ಧರ್ಮೋಪದೇಶ ತರಗತಿಯಲ್ಲಿ ಹೇಗೆ ವಿವರಿಸಬೇಕೆಂದು ತಡಕಾಡುವ ನಮ್ಮಂಥವರಿಗೆ ಆ ದೃಶ್ಯ ಒಂದು ವರದಾನ.

ಪಕ್ಕದಲ್ಲಿ ಯಾರಿದ್ದಾರೆ?

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ನೋಡಬೇಕು. ಈ ಚಿತ್ರಗಳು ಭಾರೀ ವ್ಯಾಪಾರವೂ ಹೌದು. ಆಟಿಕೆ, ಅಂಗಿ, ಶಾಲೆಯ ಚೀಲಗಳ ಮೇಲೆಲ್ಲ ಅವುಗಳ ಪಾತ್ರಗಳು ಬಂದು ಕುಳಿತಿವೆ. ಹಳೆಯ ಚಿತ್ರಗಳನ್ನು ಹೊಸದಾಗಿ ತಯಾರಿಸಿ, ದೊಡ್ಡವರಿಗೆ ಅವರದೇ ಬಾಲ್ಯವನ್ನು ಮರಳಿ ಮಾರುವ ಪರಿಪಾಠವೂ ಬೆಳೆದಿದೆ. 'ಲಯನ್ ಕಿಂಗ್' 2019ರಲ್ಲಿ, 'ಪಿನೋಕಿಯೋ' 2022ರಲ್ಲಿ, 'ಸ್ನೋ ವೈಟ್' 2025ರಲ್ಲಿ ಹೀಗೆ ಮತ್ತೆ ಬಂದವು. ನೆನಪಿಗೆ ಬೆಲೆ ಕಟ್ಟುವವರ ಮುಂದೆ ಎಚ್ಚರವಿರಬೇಕಾದುದು ನಮ್ಮ ಹೊಣೆ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಈ ಚಿತ್ರಗಳ ಬಲವಿರುವುದು ಅವುಗಳ ಪೂರ್ಣತೆಯಲ್ಲಿ. ಅಗಲಿಕೆ ಬರುತ್ತದೆ, ಕತ್ತಲೆ ಬರುತ್ತದೆ; ಒಂದು ಗಂಟೆ ತಾಳಿ ಕುಳಿತವರಿಗೆ ಮರಳುವ ದಾರಿಯೂ ಕಾಣುತ್ತದೆ. ಇಂದು ಅನೇಕ ಮನೆಗಳಲ್ಲಿ ಮಗು ಮೊಬೈಲ್ ಹಿಡಿದು ಮೂಲೆಯಲ್ಲಿ ಒಂಟಿಯಾಗಿ ಕುಳಿತಿರುತ್ತದೆ. ಅದರ ಕಣ್ಣಿಗೆ ಬೀಳುವುದು ಎರಡು ಮೂರು ನಿಮಿಷಗಳ ತುಣುಕುಗಳು. ಸಿಂಹದ ಮರಿ ಸತ್ತ ತಂದೆಯ ಮುಂಗಾಲಿನಡಿ ನುಸುಳಿ ಮಲಗುವ ತುಣುಕು ಒಂದು. ಬೆರಳು ಜಾರಿದರೆ ಇನ್ನಾವುದೋ ತಮಾಷೆ. ಸಾವನ್ನು ನೋಡಿದ ಮಗು ಮನೆಗೆ ಮರಳುವುದನ್ನು ನೋಡಲೇ ಇಲ್ಲ. ಗೊಂಬೆ ಮರಕ್ಕೆ ನೇತುಬಿದ್ದಲ್ಲಿಗೇ ನಿಂತ ಕಥೆಯಂತೆ ಅದು. ಅಂದು ಇಟಲಿಯ ಮಕ್ಕಳು ಮುಂದುವರಿಸಿರೆಂದು ಕೇಳಿದರು. ನಮ್ಮ ಮಗು ಯಾರನ್ನು ಕೇಳಬೇಕು?

ಆದ್ದರಿಂದ ನಮ್ಮ ಧರ್ಮಕೇಂದ್ರದ ಕುಟುಂಬಗಳಿಗೆ ನನ್ನದೊಂದು ಬಿನ್ನಹ. ತಿಂಗಳಿಗೊಮ್ಮೆಯಾದರೂ ಇಂಥ ಒಂದು ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿರಿ. ಅಜ್ಜಿತಾತಂದಿರನ್ನೂ ಕರೆಯಿರಿ. ದುಃಖದ ದೃಶ್ಯ ಬಂದಾಗ ಮಗುವಿನ ಕಣ್ಣು ಮುಚ್ಚಬೇಡಿರಿ, ಅತ್ತರೆ ಅಣಕಿಸಬೇಡಿರಿ. ಜಿಂಕೆಮರಿಯ ಅಮ್ಮ ಎಲ್ಲಿ ಹೋದಳು ಎಂದು ಅದು ಕೇಳಿದರೆ ಬಾಂಬಿಯ ತಂದೆಯಂತೆ ನಿಜವನ್ನೇ ಹೇಳಿ ಜೊತೆಗಿರಿ. ಮುಂದೊಂದು ದಿನ ಮನೆಯಲ್ಲಿ ನಿಜವಾದ ಸಾವು ಬಂದಾಗ, ಆ ಮಗು ದುಃಖವನ್ನು ಕಾಣುವುದು ಅದೇ ಮೊದಲ ಸಲವಾಗಿರುವುದಿಲ್ಲ. ಕತ್ತಲೆಯಲ್ಲಿ ಪಕ್ಕದಲ್ಲಿ ಒಂದು ಭುಜವಿತ್ತೆಂಬ ನೆನಪು ಅದರೊಡನೆ ಇರುತ್ತದೆ.

2009ರಲ್ಲಿ ಬಂದ 'ಅಪ್' ಎಂಬ ಚಿತ್ರದಲ್ಲಿ ಕಾರ್ಲ್ ಮತ್ತು ಎಲ್ಲೀ ಎಂಬ ದಂಪತಿಗಳಿದ್ದಾರೆ. ದೂರದ ಜಲಪಾತವೊಂದಕ್ಕೆ ಹೋಗಬೇಕೆಂಬುದು ಅವರ ಬಾಲ್ಯದ ಕನಸು. ಅದಕ್ಕೆಂದು ಗಾಜಿನ ಜಾಡಿಯಲ್ಲಿ ಕೂಡಿಟ್ಟ ಹಣ ಪ್ರತಿಸಲವೂ ಕಾಲುಮುರಿತಕ್ಕೆ, ಮನೆಯ ಮಾಡಿಗೆ, ಇನ್ನಾವುದಕ್ಕೋ ಖರ್ಚಾಗುತ್ತದೆ. ಮಕ್ಕಳ ಭಾಗ್ಯವೂ ಇಲ್ಲ. ಎಲ್ಲೀ ತೀರಿಕೊಂಡ ಮೇಲೆ ಮುದುಕ ಮನೆಗೆ ಸಾವಿರಾರು ಬಲೂನುಗಳನ್ನು ಕಟ್ಟಿ, ಮನೆಸಮೇತ ಜಲಪಾತಕ್ಕೆ ಹಾರುತ್ತಾನೆ. ಅಲ್ಲಿ ಹೆಂಡತಿಯ ಹಳೆಯ ಸಾಹಸ ಪುಸ್ತಕವನ್ನು ತೆರೆಯುತ್ತಾನೆ. ಮುಂದೆ ಮಾಡಬೇಕಾದ ಸಾಹಸಗಳಿಗೆಂದು ಅವಳು ಬಿಟ್ಟಿದ್ದ ಪುಟಗಳು ಖಾಲಿಯಾಗಿಯೇ ಉಳಿದಿರಬೇಕೆಂದು ಅವನ ಎಣಿಕೆ. ಆದರೆ ಆ ಪುಟಗಳ ತುಂಬ ಅವರ ಮದುವೆಯ, ಮನೆಯಂಗಳದ, ಪಕ್ಕಪಕ್ಕ ಕುಳಿತು ಓದಿದ ಸಂಜೆಗಳ ಭಾವಚಿತ್ರಗಳನ್ನು ಅವಳು ಅಂಟಿಸಿಟ್ಟಿದ್ದಳು. ಅವಳ ಪಾಲಿಗೆ ಆ ಸಂಸಾರವೇ ಸಾಹಸವಾಗಿತ್ತು.

ಪ್ರಿಯ ಓದುಗರೇ, ಮಗುವಿನ ಕೈಹಿಡಿದು ಆಸ್ಪತ್ರೆ, ಶಾಲೆ, ದೇವಾಲಯ, ಸ್ಮಶಾನಗಳಿಗೆ ನಡೆದು ಮತ್ತೆ ಅದೇ ಹೊಸ್ತಿಲಿಗೆ ಮರಳುವ ನಿಮ್ಮ ಬದುಕು ಇದಕ್ಕಿಂತ ಕಿರಿದಾದ ಸಾಹಸವಲ್ಲ. ಮಗು ಅದನ್ನು ನೋಡುತ್ತಿದೆ.